ನೀರಿಗೆ ಸೇರಿದ ಔಷಧಿ: ಇದ್ದಿಲು ಮತ್ತು ಬಿಸಿಲು

ನುಂಗಿದ ಗುಳಿಗೆಯೆಲ್ಲವೂ ದೇಹದಲ್ಲಿಯೇ ಕರಗಿ ಮುಗಿಯುವುದೆಂಬುದು ತಪ್ಪು ತಿಳಿವಳಿಕೆ. ಅನೇಕ ಔಷಧಿಗಳ ಗಣನೀಯ ಭಾಗವು ಮೂತ್ರದೊಡನೆ ಹೊರಬಿದ್ದು, ಚರಂಡಿಯ ಮೂಲಕ ಹಳ್ಳಕೆರೆಗಳನ್ನು ಸೇರುತ್ತದೆ. ಔಷಧ ಕಾರ್ಖಾನೆಗಳ ತ್ಯಾಜ್ಯದ ಸಂಗತಿ ಇನ್ನೂ ಭೀಕರ. ಹೈದರಾಬಾದಿನ ಸಮೀಪದ ಪಟಾನ್‌ಚೆರುವಿನ ಶುದ್ಧೀಕರಣ ಘಟಕದಿಂದ ಹೊರಬಂದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಇದ್ದುದನ್ನು ಸ್ವೀಡನ್ನಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದರು. ಅದನ್ನು ಸೇವಿಸಿದ ರೋಗಿಯ ರಕ್ತದಲ್ಲಿಯೂ ಅಷ್ಟು ಇರುವುದಿಲ್ಲ. ಅದೂ ಶುದ್ಧೀಕರಿಸಿದ ನಂತರದ ನೀರು! ಇಂತಹ ನೀರಿನಲ್ಲಿ ಔಷಧಿಗೆ ಬಗ್ಗದ ರೋಗಾಣುಗಳೇ ಉಳಿದು ಬೆಳೆಯುತ್ತವೆ. ಕುದಿಸಿದರೆ ರೋಗಾಣು ಸಾಯುವುದು. ಔಷಧಿಯ ಅಂಶ ಬಹುಮಟ್ಟಿಗೆ ಹಾಗೆಯೇ ಉಳಿಯುವುದು.

ಇದಕ್ಕೆ ವಿಜ್ಞಾನಿಗಳು ಸೂರ್ಯನ ನೆರವನ್ನು ಅರಸುತ್ತಿದ್ದಾರೆ. ಗೋಡೆಯ ಬಿಳಿ ಬಣ್ಣದಲ್ಲಿ ಬಳಸುವ ಟೈಟಾನಿಯಂ ಡೈಆಕ್ಸೈಡ್ ಬೆಳಕಿನ ಬಲದಿಂದ ನೀರನ್ನೇ ವಿಭಜಿಸಬಲ್ಲದೆಂದು ಜಪಾನಿನ ಫುಜಿಶಿಮಾ ಮತ್ತು ಹೊಂಡಾ 1972ರಲ್ಲಿ ತೋರಿಸಿದರು. ಬೆಳಕು ಬಿದ್ದಾಗ ಅದರೊಳಗಿನ ಎಲೆಕ್ಟ್ರಾನು ಸ್ಥಾನ ಬಿಟ್ಟು ಏಳುತ್ತದೆ. ಆಗ ನೀರಿನಿಂದ ಹುಟ್ಟುವ ಹೈಡ್ರಾಕ್ಸಿಲ್ ಕಣಗಳು ಔಷಧಿಯ ಅಣುವನ್ನು ತುಂಡುತುಂಡಾಗಿ ಒಡೆಯುತ್ತವೆ. ಆದರೆ ಎದ್ದ ಎಲೆಕ್ಟ್ರಾನು ಕ್ಷಣಾರ್ಧದಲ್ಲಿ ಸ್ವಸ್ಥಾನಕ್ಕೆ ಮರಳಿದರೆ ಕೆಲಸ ಕೆಡುತ್ತದೆ. ಈ ಪುಡಿಗೆ ಬೇಕಾದುದು ನೇರಳಾತೀತ ಕಿರಣ. ಬಿಸಿಲಿನಲ್ಲಿ ಅದರ ಪಾಲು ಸುಮಾರು ಇಪ್ಪತ್ತರಲ್ಲಿ ಒಂದು ಮಾತ್ರ. ಮೇಲಾಗಿ, ನುಣುಪಾದ ಪುಡಿಯನ್ನು ನೀರಿನಿಂದ ಮರಳಿ ತೆಗೆಯುವುದೇ ಕಷ್ಟ.

ಇಲ್ಲಿ ನಮ್ಮ ತೆಂಗಿನ ಕರಟ ಒದಗುತ್ತದೆ. ಕರಟದ ಇದ್ದಿಲನ್ನು ಅತ್ಯುಷ್ಣದ ಹಬೆಯಲ್ಲಿ ಹದಗೊಳಿಸಿದ ಸಕ್ರಿಯ ಇಂಗಾಲದ ಒಂದು ಗ್ರಾಮಿನಲ್ಲಿ, ಸೂಕ್ಷ್ಮ ರಂಧ್ರಗಳೆಲ್ಲ ಸೇರಿ, ಸುಮಾರು 1000 ಚದರ ಮೀಟರು ಮೇಲ್ಮೈ ಇರುತ್ತದೆ. ಅದರ ಮೇಲೆ ಬಿಳಿ ಪುಡಿಯನ್ನು ಕೂರಿಸಿದರೆ, ನೀರಿನಲ್ಲಿ ಚದುರಿದ ಔಷಧಿಯನ್ನು ಇಂಗಾಲವು ಹಿಡಿದು ಹತ್ತಿರಕ್ಕೆ ತರುತ್ತದೆ, ಎಲೆಕ್ಟ್ರಾನನ್ನು ತನ್ನೆಡೆಗೆ ಸೆಳೆದು ಹಿಂದಿರುಗದಂತೆ ತಡೆಯುತ್ತದೆ. ಇಂಗಾಲವೊಂದೇ ಇದ್ದರೆ ಔಷಧಿಯು ನೀರಿನಿಂದ ಇದ್ದಿಲಿಗೆ ಸ್ಥಳಾಂತರಗೊಳ್ಳುವುದೇ ಹೊರತು ನಾಶವಾಗದು. ರಂಧ್ರಗಳು ತುಂಬಿದೊಡನೆ ಹಿಡಿಯುವುದೂ ನಿಲ್ಲುತ್ತದೆ.

ಹಾಗೆಂದು ಕಾರ್ಯ ಸಿದ್ಧಿಸಿತೆನ್ನಲಾಗದು. ಕಲಕು ನೀರಿನಲ್ಲಿ ಬೆಳಕು ಇಳಿಯದು. ಅಣುವು ಅರ್ಧ ಒಡೆದು ನಿಂತರೆ ಆ ತುಣುಕುಗಳೇ ವಿಷಕಾರಿಯಾಗಬಹುದು. ಒಲೆಯ ಇದ್ದಿಲನ್ನು ಕೊಡಕ್ಕೆ ಹಾಕಿ ಬಿಸಿಲಿಗಿಟ್ಟರೆ ಈ ಫಲ ದೊರೆಯದೆಂಬುದನ್ನು ಸದ್ಭಕ್ತರು ಗಮನಿಸಬೇಕು. ಮನೆಯ ಶೋಧಕದಲ್ಲಿ ಇಂಗಾಲದ ಭಾಗವಿದ್ದರೆ ಅದನ್ನು ಕಾಲಕಾಲಕ್ಕೆ ಬದಲಿಸಬೇಕು. ಉಳಿದ ಗುಳಿಗೆಗಳನ್ನೂ ಔಷಧದ ದ್ರವವನ್ನೂ ಬಚ್ಚಲಿಗಾಗಲಿ ಶೌಚಾಲಯಕ್ಕಾಗಲಿ ಸುರಿಯದೆ, ಮರಳಿ ಪಡೆಯುವ ಔಷಧಾಲಯವಿದ್ದರೆ ಅಲ್ಲಿಗೆ ಒಪ್ಪಿಸಬೇಕು.