ಪ್ಲೇಟು ಕತ್ತರಿಸುವ ಮೊದಲು ಕಂಪ್ಯೂಟರಿನಲ್ಲಿ ಜೋಡಿಸಿ

ಜೇನುಪೆಟ್ಟಿಗೆ ಹಲಗೆಗಳಿಗೆ ಒಂದೇ ಅಳತೆಯ ಕಚ್ಚು ಕೊರೆಯಲಿಕ್ಕೆಂದು ಮನೆಯಲ್ಲೇ ಸಿಎನ್‌ಸಿ ಯಂತ್ರ ಮಾಡಹೊರಟೆ. ಕಂಪ್ಯೂಟರು ಹೇಳಿದಷ್ಟೇ ಮೋಟಾರು ತಿರುಗಿ ಕೊರೆಯುವ ಯಂತ್ರ ಇದು. ಮೊದಲ ಸಲ ಕಾಗದದಲ್ಲಿ ಗೀಟು ಎಳೆದು ಅಲ್ಯೂಮಿನಿಯಂ ಪ್ಲೇಟು ಕತ್ತರಿಸಿದೆ. ಜೋಡಿಸುವಾಗ ಮೋಟಾರು ಚೌಕಟ್ಟಿಗೆ ತಾಗಿತು. ಪ್ಲೇಟು ಗುಜರಿಗೆ!

ಎರಡನೇ ಸಲ ಫ್ರೀಕ್ಯಾಡ್ ಹಿಡಿದೆ. ಈ ಸಾಫ್ಟ್‌ವೇರ್ ಉಚಿತ. ಮೋಟಾರು, ಬಾಲ್‌ಸ್ಕ್ರೂ, ಬೇರಿಂಗುಗಳ ಚಿತ್ರ ನಾವೇ ಬರೆಯಬೇಕೆಂದಿಲ್ಲ. ಅನೇಕ ತಯಾರಕರು ಇವುಗಳ ಮಾದರಿಯನ್ನು ‘ಸ್ಟೆಪ್’ ಫೈಲಿನಲ್ಲಿ ಕೊಡುತ್ತಾರೆ. ಅವನ್ನು ತಂದು ಕೂರಿಸಿ, ಸುತ್ತ ಚೌಕಟ್ಟು ಬರೆದರಾಯ್ತು. ಸರಿಯುವ ಭಾಗವನ್ನು ಆ ತುದಿಯಿಂದ ಈ ತುದಿಗೆ ಓಡಿಸಿ ನೋಡಿ. ತಾಗುವ ಜಾಗ ಅಲ್ಲೇ ಸಿಕ್ಕಿಬೀಳುತ್ತದೆ. ನನ್ನದು ಮೂರು ಕಡೆ ತಾಗಿತು, ಕಾಸು ಖರ್ಚಿಲ್ಲದೆ.

ಬಾಲ್‌ಸ್ಕ್ರೂ ಒಂದು ಸುತ್ತಿಗೆ 5 ಮಿ.ಮೀ. ಸರಿಸುತ್ತದೆ, ಮೋಟಾರಿಗೆ ಸುತ್ತಿಗೆ 200 ಹೆಜ್ಜೆ. ಅಂದರೆ ಹೆಜ್ಜೆಗೆ 0.025 ಮಿ.ಮೀ. ಮರದ ಕೆಲಸಕ್ಕೆ ಧಾರಾಳವಾಯಿತು.

ಆದರೂ ಒಂದು ಕಡೆ ಬೇಸ್ತುಬಿದ್ದೆ. ‘ನೆಮಾ 23’ ಎಂದರೆ ಮೋಟಾರಿನ ಮುಖದ ಅಳತೆ. ಬೋಲ್ಟು ತೂತುಗಳ ಅಂತರ 47.14 ಮಿ.ಮೀ., ಅದೇನೋ ಸರಿ ಕೂತಿತು. ಶಾಫ್ಟಿನ ದಪ್ಪ ಮಾತ್ರ ಮಾದರಿಯಲ್ಲಿ 6.35 ಇದ್ದದ್ದು, ಬಂದ ಮೋಟಾರಿನಲ್ಲಿ 8! ತಂದಿಟ್ಟ ಕಪ್ಲಿಂಗ್ ಒಳಹೋಗಲೇ ಇಲ್ಲ. ಈಗ ಸಾಮಾನು ಕೈಗೆ ಬಂದು, ವರ್ನಿಯರ್ ಹಿಡಿದು ಅಳೆದು, ಚಿತ್ರ ತಿದ್ದಿದ ಮೇಲೆಯೇ ಗರಗಸ ಮುಟ್ಟುವುದು.