ಮನೆಮನೆಗೆ ನೀರಿನ ಮೀಟರ್: ಕಡ್ಡಾಯ ಬೇಕೇ?

1. ನೀರು: ಸಂವಿಧಾನದ ರಾಜ್ಯಪಟ್ಟಿ, ನಮೂದು 17. ಅಂತರರಾಜ್ಯ ನದಿಗಳು: ಕೇಂದ್ರಪಟ್ಟಿ, ನಮೂದು 56.

2. ನಗರ ಸೇವಾ ಮಾನದಂಡ (2008): ಮೀಟರ್ 100%, ತಲಾ ದಿನಕ್ಕೆ 135 ಲೀಟರ್, ಆದಾಯರಹಿತ ನೀರು 20%. ಜಲ ಜೀವನ್ ಮಿಷನ್ (2019, ಗ್ರಾಮೀಣ): 55 ಲೀಟರ್. 135–55 ಅದಲುಬದಲಾಗದಿರಲಿ.

3. ಆದಾಯರಹಿತ ನೀರೆಂದರೆ ಬರೀ ಸೋರಿಕೆಯಲ್ಲ. ಕಳವು, ಮೀಟರಿನ ತಪ್ಪು ಅಳತೆ, ಬಿಲ್ ಆಗದ ಬಳಕೆಯೂ ಸೇರುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲೇ.

4. 1 ಕಿಲೋಲೀಟರ್ = 1000 ಲೀಟರ್ = 1 ಘನ ಮೀಟರ್.

5. ಪರ: ಎಲ್ಲ ನಲ್ಲಿ ಮುಚ್ಚಿದರೂ ಮೀಟರಿನ ಪುಟ್ಟ ಚಕ್ರ ತಿರುಗುತ್ತಿದ್ದರೆ ಒಳಗೆಲ್ಲೋ ಸೋರಿಕೆಯಿದೆ, ಮೀಟರಿಲ್ಲದ ಮನೆಗೆ ಇದು ತಿಳಿಯುವುದೇ ಇಲ್ಲ.

6. ವಿರೋಧ: ವಠಾರದ ಐದಾರು ಸಂಸಾರಕ್ಕೆ ಒಂದೇ ಮೀಟರ್ ಇದ್ದರೆ ಬಳಕೆ ಒಟ್ಟುಗೂಡಿ ಮೇಲಿನ ಸ್ಲ್ಯಾಬ್ ದರ ಅನ್ವಯಿಸುತ್ತದೆ. ಬಡವರಿಗೆ ಇದು ನಿಜವಾದ ಅನ್ಯಾಯ. ಈ ವಿಷಯದ ಪ್ರಬಂಧದಲ್ಲಿ ಈ ಅಂಶವನ್ನು ಮೊದಲು ಬರೆಯಿರಿ.