ಹಗೆಯವರ ಮಕ್ಕಳಿಗೆ ಅನ್ನವಿಟ್ಟದ್ದು

ಓದತಕ್ಕ ಭಾಗ: 2 ಅರಸುಗಳು, 6ನೆಯ ಅಧ್ಯಾಯ, 8ನೆಯ ವಚನ ಮೊದಲ್ಗೊಂಡು ಅಧ್ಯಾಯದ ಅಂತ್ಯದ ವರೆಗೆ.

ಅರಾಮ್ಯರ ಅರಸನು ಪ್ರವಾದಿಯಾದ ಎಲೀಷನನ್ನು ಹಿಡಿಯುವದಕ್ಕೆ ರಾತ್ರಿಯಲ್ಲಿ ದಂಡು ಕಳುಹಿಸಿದ ಸಂಗತಿಯನ್ನು ನಮ್ಮಲ್ಲಿ ಅನೇಕರು ಸಂಡೇ ಸ್ಕೂಲಿನಲ್ಲಿಯೇ ಕಲಿತಿರುವರು. ಆದರೆ ಬೆಟ್ಟದ ಮೇಲೆ ಅಗ್ನಿರಥಗಳು ಕಾಣಿಸಿದ ವರೆಗೆ ಓದಿ ಅಲ್ಲಿಯೇ ಪುಸ್ತಕವನ್ನು ಮುಚ್ಚುವದು ನಮ್ಮ ವಾಡಿಕೆ. ಈ ಸಾರಿ ಅದರ ಮುಂದಿನದನ್ನು ಓದೋಣ. ಕಣ್ಣು ಕಾಣದೆ ತಡವರಿಸುತ್ತಿದ್ದ ಆ ದಂಡಿನವರನ್ನು ಎಲೀಷನು ತಾನೇ ಮುಂದಾಗಿ ನಡಿಸಿಕೊಂಡು ಸಮಾರ್ಯ ಪಟ್ಟಣದ ನಡುವೆ ತಂದು ನಿಲ್ಲಿಸಿದನು. ಅವರ ಕಣ್ಣು ತೆರೆದಾಗ ಅವರು ಹಗೆಯ ಕೈಯಲ್ಲಿ ಸಿಕ್ಕಿದ್ದರು. ಇಸ್ರಾಯೇಲಿನ ಅರಸನಿಗೆ ಆತುರ. ಹೊಡೆಯಲೋ, ಹೊಡೆಯಲೋ ಎಂದು ಎರಡು ಸಾರಿ ಕೇಳಿದನು. ಪ್ರವಾದಿಯು ಅದಕ್ಕೆ ಒಪ್ಪದೆ, ಅವರಿಗೆ ರೊಟ್ಟಿಯನ್ನೂ ನೀರನ್ನೂ ಕೊಟ್ಟು ಅವರ ಯಜಮಾನನ ಬಳಿಗೆ ಕಳುಹಿಸಿಬಿಡು ಎಂಬ ಅರ್ಥವಾಗಿ ಅಪ್ಪಣೆಮಾಡಿದನು. ಅರಸನು ದೊಡ್ಡ ಔತಣವನ್ನೇ ಮಾಡಿಸಿದನು. ಉಂಡವರು ತಮ್ಮ ದೇಶಕ್ಕೆ ಹೋದರು. ಸುಲಿಗೆಯವರು ಮತ್ತೆ ಬರಲಿಲ್ಲ. ಇಷ್ಟು 23ನೆಯ ವಚನದ ವರೆಗಿನ ಮಾತು. 24ನೆಯ ವಚನದಲ್ಲಿ ಒಂದು ಕಷ್ಟವಾದ ಸಂಗತಿಯುಂಟು. ಅದನ್ನು ಪಾಠದ ಕಡೆಯ ಭಾಗದಲ್ಲಿ ವಿಚಾರಿಸೋಣ.

ಹಗೆಯವನಿಗೆ ಅನ್ನವಿಡಬೇಕೆಂಬ ಈ ಮಾತನ್ನು 1919ನೆಯ ಇಸವಿಯಲ್ಲಿ ಒಂದು ದೇಶದ ಜನರೆಲ್ಲರ ಎದುರಿಗೆ ಎತ್ತಿದ ಒಬ್ಬ ಅಮ್ಮನವರ ಚರಿತ್ರೆಯನ್ನು ಈಗ ಕೇಳಿರಿ.

1914ನೆಯ ಇಸವಿಯಲ್ಲಿ ಯೂರೋಪಿನಲ್ಲಿ ಮಹಾಯುದ್ಧವು ಹುಟ್ಟಿತು. ಇಂಗ್ಲಿಷರೂ ಅವರ ಮಿತ್ರರಾಜ್ಯದವರೂ ತಮ್ಮ ಯುದ್ಧದ ಹಡಗುಗಳಿಂದ ಜರ್ಮನಿ ಮತ್ತು ಆಸ್ಟ್ರಿಯ ದೇಶಗಳಿಗೆ ಹೋಗುವ ಸಮುದ್ರದ ದಾರಿಯನ್ನು ಕಟ್ಟಿಬಿಟ್ಟರು. ಮದ್ದುಗುಂಡು ಮಾತ್ರವಲ್ಲ, ಧಾನ್ಯ, ಕೊಬ್ಬು, ಗೊಬ್ಬರ ಮೊದಲಾದವುಗಳೂ ಒಳಗೆ ಹೋಗದಂತೆ ಆಯಿತು. ಒಂದು ಊರಿಗೆ ಸಂತೆಯ ದಾರಿಯನ್ನು ಕಟ್ಟಿಹಾಕಿದರೆ, ಜಗಳ ತೆಗೆದ ಗೌಡನಿಗಿಂತ ಮುಂಚೆ ಬಾಣಂತಿಯೂ ತೊಟ್ಟಿಲ ಕೂಸೂ ಬಾಡುವರಲ್ಲವೇ? ಹಾಗೆಯೇ ಅಲ್ಲಿಯೂ ಆಯಿತು. 1918ನೆಯ ನವೆಂಬರ್ 11ನೆಯ ತಾರೀಕಿನಲ್ಲಿ ತುಪಾಕಿಗಳ ಶಬ್ದವು ನಿಂತರೂ ದಾರಿಯು ಕೂಡಲೆ ತೆರೆಯಲಿಲ್ಲ. ಜರ್ಮನಿಯವರು ಸಂಧಿಪತ್ರಕ್ಕೆ ರುಜು ಹಾಕುವ ವರೆಗೆ ಅದನ್ನು ಹಿಡಿದಿರಬೇಕೆಂದು ಗೆದ್ದವರು ಎಣಿಸಿದರು. 1919ನೆಯ ಮಾರ್ಚ್ ತಿಂಗಳಿಂದ ಸ್ವಲ್ಪ ಸ್ವಲ್ಪವಾಗಿ ಧಾನ್ಯವನ್ನು ಬಿಟ್ಟರು. ಪೂರ್ಣವಾಗಿ ಕಟ್ಟು ತೆಗೆದದ್ದು ಜುಲೈ ತಿಂಗಳಲ್ಲಿ.

ಆಸ್ಟ್ರಿಯದ ರಾಜಧಾನಿಯಾದ ವಿಯೆನ್ನ ಪಟ್ಟಣದ ಅವಸ್ಥೆಯು ಎಲ್ಲಕ್ಕಿಂತ ಕೆಟ್ಟದ್ದಾಗಿತ್ತು. ಯುದ್ಧಕ್ಕೆ ಮುಂಚೆ ಅದು ದೊಡ್ಡ ಸಾಮ್ರಾಜ್ಯಕ್ಕೆ ತಲೆಯಾಗಿತ್ತು. ಹಂಗೇರಿಯ ಹೊಲಗಳಿಂದ ಗೋಧಿಯೂ ಬೊಹೇಮಿಯದ ಗಣಿಗಳಿಂದ ಕಲ್ಲಿದ್ದಲೂ ಬರುತ್ತಿದ್ದವು. ಸಾಮ್ರಾಜ್ಯವು ಒಡೆದುಹೋದ ಮೇಲೆ ಆ ಸೀಮೆಗಳು ಬೇರೆ ಬೇರೆ ರಾಜ್ಯಗಳಾಗಿ, ಸುಮಾರು 18 ಲಕ್ಷ ಜನರಿದ್ದ ಪಟ್ಟಣವು ಹೊಲವಿಲ್ಲದ ಮನೆಯ ಹಾಗೆ ಉಳಿಯಿತು. ಜನರು ಪಟ್ಟಣದ ಹೊರಗಿನ ಕಾಡಿಗೆ ಹೋಗಿ ಮರ ಕಡಿದು ಬೆನ್ನಿನ ಮೇಲೆ ಹೊತ್ತು ತಂದು ಒಲೆ ಹಚ್ಚಿದರು. ಮಕ್ಕಳಿಗೆ ಹಾಲಿಲ್ಲದೆ ಹೋಯಿತು. ಎಲುಬು ಮೆತ್ತಗಾಗಿ ಕಾಲು ಬಾಗುವ ರಿಕೆಟ್ಸ್ ಎಂಬ ರೋಗವೂ ಕ್ಷಯವೂ ಹೆಚ್ಚಿದವು. ನಡೆಯುವ ವಯಸ್ಸು ಬಂದರೂ ನಡೆಯಲಾರದ ಮಕ್ಕಳು ಬಹಳವಾಗಿದ್ದರು.

ಇದನ್ನು ಕೇಳಿ ಇಂಗ್ಲೆಂಡಿನವರ ಮನಸ್ಸು ಯಾಕೆ ಕರಗಲಿಲ್ಲವೆಂದು ನೀವು ಕೇಳುವಿರಿ. ಅವರ ಕಡೆಯ ಮಾತನ್ನೂ ಕೇಳಬೇಕು. ಆ ಯುದ್ಧದಲ್ಲಿ ಬ್ರಿಟನಿನ ಏಳು ಲಕ್ಷಕ್ಕೆ ಮೇಲ್ಪಟ್ಟ ಗಂಡಸರು ಸತ್ತಿದ್ದರು. ಮಗನನ್ನು ಪರದೇಶದ ಮಣ್ಣಿಗೆ ಕೊಟ್ಟ ತಾಯಿಯ ಬಳಿಗೆ ಹೋಗಿ, ಅವನನ್ನು ಕೊಂದವರ ಮಕ್ಕಳಿಗಾಗಿ ಕಾಣಿಕೆ ಕೊಡಮ್ಮಾ ಎಂದು ಕೇಳುವದು ಸುಲಭವೋ? ಅಂಥ ತಾಯಿಯನ್ನು ಕಠಿಣಹೃದಯದವಳೆಂದು ನಾವು ಹೇಳಲಾರೆವು.

ನಮ್ಮ ಸೀಮೆಯ ಸಭೆಗಳಿಗಾದರೋ ಈ ಹಗೆಯವರು ಗುರುತಿಲ್ಲದವರಾಗಿರಲಿಲ್ಲ. ಮಂಗಳೂರು, ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಮುಂತಾದ ಸ್ಥಳಗಳಲ್ಲಿ ಸುವಾರ್ತೆ ಸಾರಿ ಶಾಲೆಗಳನ್ನು ನಡಿಸುತ್ತಿದ್ದ ಬಾಸೆಲ್ ಮಿಶನಿನ ಜರ್ಮನ್ ಅಯ್ಯನವರನ್ನು ಆ ಯುದ್ಧಕಾಲದಲ್ಲಿ ಸರಕಾರದವರು ಹಿಡಿದು ಅಹಮದ್‌ನಗರದ ಕ್ಯಾಂಪಿನಲ್ಲಿ ಇಟ್ಟು, ಅನೇಕರನ್ನು ಹಡಗಿನಲ್ಲಿ ಅವರ ದೇಶಕ್ಕೆ ಕಳುಹಿಸಿಬಿಟ್ಟರು. ಕನ್ನಡಕ್ಕೆ ದೊಡ್ಡ ನಿಘಂಟನ್ನು ಮಾಡಿಕೊಟ್ಟ ಕಿಟ್ಟೆಲ್ ಅಯ್ಯನವರ ಜನ್ಮದೇಶವೇ ಆ ಹಗೆಯ ದೇಶ. ಹಸಿದ ಆ ಮಕ್ಕಳ ಹಿರಿಯರ ಕಾಣಿಕೆಯ ಕಾಸಿನಿಂದ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಶಾಲೆಗಳು ನಡೆದಿದ್ದವು. ಹಗೆಯವರು ಎಂಬ ಒಂದೇ ಮಾತಿನ ಒಳಗೆ ಎಷ್ಟು ವಿಧದ ಜನರು ಅಡಗಿರುವರೆಂಬದು ಇದರಿಂದ ಗೊತ್ತಾಗುವದು.

ಎಗ್ಲಾಂಟೈನ್ ಜೆಬ್ ಎಂಬ ಅಮ್ಮನವರು 1876ನೆಯ ಇಸವಿಯಲ್ಲಿ ಇಂಗ್ಲೆಂಡಿನ ಶ್ರಾಪ್‌ಶೈರ್ ಸೀಮೆಯಲ್ಲಿ ಹುಟ್ಟಿದರು. ಆಕ್ಸ್‌ಫರ್ಡಿನಲ್ಲಿ ಓದಿ, ಒಂದು ಪ್ರಾಥಮಿಕ ಶಾಲೆಯಲ್ಲಿ ಸ್ವಲ್ಪ ಕಾಲ ಕಲಿಸಿ, ಆ ಕೆಲಸವು ತಮಗೆ ಒಗ್ಗದೆಂದು ಬಿಟ್ಟರು. ಅವರಿಗೆ ಮದುವೆಯಾಗಲಿಲ್ಲ, ಮಕ್ಕಳಿರಲಿಲ್ಲ. ಮಕ್ಕಳನ್ನು ಕಂಡ ಕೂಡಲೆ ಎತ್ತಿ ಮುದ್ದಾಡುವ ಸ್ವಭಾವವೂ ಅವರದಲ್ಲ. ಇದನ್ನು ಬರೆಯುವದಕ್ಕೆ ಕಾರಣವುಂಟು. ಮನಸ್ಸು ಕರಗಿದರೆ ಕೊಡುವದು, ಕರಗದಿದ್ದರೆ ಸುಮ್ಮನಿರುವದು ಎಂಬದು ನಮ್ಮಲ್ಲಿ ಅನೇಕರ ಅಭ್ಯಾಸ. ಈ ಅಮ್ಮನವರಾದರೋ ಮಕ್ಕಳ ಮೇಲಣ ಮೋಹದಿಂದಲ್ಲ, ನ್ಯಾಯವೆಂದು ತಿಳಿದು ಈ ಕೆಲಸಕ್ಕೆ ಕೈ ಹಾಕಿದರು. 1913ರಲ್ಲಿ ಬಾಲ್ಕನ್ ಯುದ್ಧದಿಂದ ಮನೆಮಾರು ಕಳೆದುಕೊಂಡವರಿಗೆ ಸಹಾಯ ಹಂಚುವದಕ್ಕೆ ಮ್ಯಾಸಿಡೋನಿಯಕ್ಕೆ ಹೋಗಿ, ಯುದ್ಧವಾದ ಮೇಲೆ ಜನರು ಹೇಗಿರುವರೆಂಬದನ್ನು ಅವರು ಕಣ್ಣಾರೆ ಕಂಡಿದ್ದರು.

ಅವರ ತಂಗಿಯಾದ ಡಾರಥಿ ಬಕ್ಸ್‌ಟನ್ ಎಂಬವರು ಸರಕಾರದ ಅನುಮತಿಯಿಂದ ಹಗೆಯ ದೇಶಗಳ ವರ್ತಮಾನಪತ್ರಗಳನ್ನು ತರಿಸಿ, ಅವುಗಳ ಸಾರವನ್ನು ಇಂಗ್ಲಿಷಿನಲ್ಲಿ ಅಚ್ಚುಹಾಕಿಸುತ್ತಿದ್ದರು. ಜೆಬ್ ಅಮ್ಮನವರೂ ಭಾಷಾಂತರದಲ್ಲಿ ಸಹಾಯಮಾಡಿದರು. ಹಸಿವಿನ ಸುದ್ದಿಯು ಅವರಿಗೆ ತಿಳಿದದ್ದು ಹೀಗೆಯೇ. 1919ನೆಯ ವಸಂತಕಾಲದಲ್ಲಿ ಅಮ್ಮನವರು ಲಂಡನಿನ ಟ್ರಫಾಲ್ಗರ್ ಚೌಕದಲ್ಲಿ ನಿಂತು, ಹಸಿದು ಸೊರಗಿದ ಆಸ್ಟ್ರಿಯದ ಒಂದು ಮಗುವಿನ ಚಿತ್ರವಿದ್ದ ಕಾಗದವನ್ನು ಜನರಿಗೆ ಹಂಚಿದರು. ತಮ್ಮ ಸರಕಾರವು ದಾರಿ ಕಟ್ಟಿದ್ದರಿಂದಲೇ ಈ ಮಗು ಹೀಗಾಯಿತೆಂದು ಅದರಲ್ಲಿ ಬರೆದಿತ್ತು. ಅಂಥ ಕಾಗದವನ್ನು ಅಧಿಕಾರಿಗಳಿಗೆ ತೋರಿಸದೆ ಹಂಚಬಾರದೆಂದು ಯುದ್ಧಕಾಲದ ಕಾನೂನು. ಪೋಲೀಸರು ಅವರನ್ನು ಹಿಡಿದರು. ಮೇ ತಿಂಗಳಲ್ಲಿ ವಿಚಾರಣೆಯಾಯಿತು. ಕಾಗದ ಹಂಚಿದ್ದು ನಿಜವೆಂದು ಒಪ್ಪಿಕೊಂಡು, ಅದು ಧರ್ಮವೆಂದು ಅವರೇ ವಾದಿಸಿದರು. ಕಾನೂನಿನ ಪ್ರಕಾರ ಅವರು ಸೋತರು. ಐದು ಪೌಂಡು ದಂಡವಾಯಿತು. ಆದರೆ ಅವರಿಗೆ ವಿರೋಧವಾಗಿ ಸರಕಾರದ ಪಕ್ಷದಲ್ಲಿ ವಾದಿಸಿದ ವಕೀಲನೇ ವಿಚಾರಣೆ ಮುಗಿದ ಮೇಲೆ ತನ್ನ ಸ್ವಂತ ಹಣದಿಂದ ಐದು ಪೌಂಡನ್ನು ಅವರ ಕೈಯಲ್ಲಿ ಕೊಟ್ಟನೆಂದೂ, ಮಕ್ಕಳ ನಿಧಿಗೆ ಬಂದ ಮೊದಲನೆಯ ಕಾಣಿಕೆಯು ಅದೇ ಎಂದೂ ಹೇಳುತ್ತಾರೆ.

ಅದೇ ತಿಂಗಳಿನ 19ನೆಯ ತಾರೀಕಿನಲ್ಲಿ ಲಂಡನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ದೊಡ್ಡ ಸಭೆ ಕೂಡಿತು. ಹಗೆಯ ಪಕ್ಷದವರೆಂದು ಈ ಅಕ್ಕತಂಗಿಯರ ಮೇಲೆ ಎಸೆಯುವದಕ್ಕೆ ಕೊಳೆತ ಹಣ್ಣುಗಳನ್ನು ತಂದವರೂ ಅಲ್ಲಿದ್ದರಂತೆ. ಜೆಬ್ ಅಮ್ಮನವರು ಮೆಲ್ಲನೆ ಮಾತಾಡಲಾರಂಭಿಸಿ, ಮಕ್ಕಳು ಸಾಯುತ್ತಿರುವಾಗ ಅವರನ್ನು ಬದುಕಿಸುವ ಪ್ರಯತ್ನವನ್ನೇ ಮಾಡದೆ ಮನುಷ್ಯರು ನೋಡುತ್ತಿರುವದು ಹೇಗೆಂದು ಕೇಳಿದರು. ಆ ದಿನ ಹಣ್ಣುಗಳಲ್ಲ, ಹಣವು ಬಂತು. ‘ಮಕ್ಕಳನ್ನು ಉಳಿಸುವ ನಿಧಿ’ ಎಂಬ ಅರ್ಥದ ಹೆಸರಿನಿಂದ ಸೇವ್ ದಿ ಚಿಲ್ಡ್ರನ್ ಫಂಡ್ ಸ್ಥಾಪಿತವಾಯಿತು.

ಆ ಮೇಲೆ ನೆರವು ನಾನಾ ಕಡೆಗಳಿಂದ ಬಂತು. ರೋಮಿನ ಪೋಪರಾಗಿದ್ದ ಹದಿನೈದನೆಯ ಬೆನೆಡಿಕ್ಟರು ತಮ್ಮ ಸಭೆಗಳಲ್ಲೆಲ್ಲಾ 1919ನೆಯ ಡಿಸೆಂಬರ್ 28ರಂದು ಹಸಿದ ಮಕ್ಕಳಿಗೋಸ್ಕರ ಕಾಣಿಕೆ ಎತ್ತುವಂತೆ ಪತ್ರ ಬರೆದರು. ಆ ದಿನವು ಹೆರೋದನು ಬೇತ್ಲೆಹೇಮಿನಲ್ಲಿ ಕೊಲ್ಲಿಸಿದ ಕೂಸುಗಳನ್ನು ಸ್ಮರಿಸುವ ದಿನ. ಜೆಬ್ ಅಮ್ಮನವರು ಇಂಗ್ಲೆಂಡ್ ಸಭೆಗೆ ಸೇರಿದವರು. ಆದರೂ ಅವರು ಪೋಪರನ್ನು ಕಾಣಲು ಹೋದರು. ನಮ್ಮ ಹಳ್ಳಿಗಳಲ್ಲಿ ಒಂದೇ ಬೀದಿಯ ಎರಡು ಸಭೆಗಳವರು ಒಬ್ಬರ ಬಾವಿಕಟ್ಟೆಯನ್ನು ಒಬ್ಬರು ಹತ್ತದಿರುವದನ್ನು ನೋಡಿದರೆ ಇದು ದೊಡ್ಡ ಮಾತೇ ಸರಿ.

ಫ್ರೆಂಡ್ಸ್ ಅಥವಾ ಕ್ವೇಕರರೆಂಬ ಸಭೆಯವರು ಯಾವ ಯುದ್ಧದಲ್ಲಿಯೂ ಆಯುಧ ಹಿಡಿಯುವದಿಲ್ಲ. ಅವರು ವಿಯೆನ್ನದಲ್ಲಿ ಮಾಡಿದ ಒಂದು ಏರ್ಪಾಡು ದನಕರು ಸಾಕುವ ನಿಮಗೆ ಚೆನ್ನಾಗಿ ತಿಳಿಯುವದು. ಡಬ್ಬಿಯ ಹಾಲನ್ನು ಎಷ್ಟು ದಿವಸ ತರಿಸುವದು? ಆದದರಿಂದ ಅವರು ಹಾಲೆಂಡ್ ಮತ್ತು ಸ್ವಿಟ್ಜರ್ಲೆಂಡ್ ದೇಶಗಳಿಂದ ಹಸುಗಳನ್ನೇ ಕೊಂಡು ತಂದು, ಪಟ್ಟಣದ ಸುತ್ತಣ ರೈತರಿಗೆ ಒಪ್ಪಿಸಿ, ಅವುಗಳ ಕ್ರಯವನ್ನು ಹಣದಿಂದಲ್ಲ, ಹಾಲಿನಿಂದ ತೀರಿಸಿಕೊಂಡರು. ಆ ಹಾಲು ಕೂಸುಗಳಿಗೆ ಹೋಯಿತು. ಹಸುಗಳು ರೈತರಲ್ಲಿ ಉಳಿದವು. ಜರ್ಮನಿಯಲ್ಲಿ ಅಮೆರಿಕದ ಕ್ವೇಕರರು ಶಾಲೆಯ ಮಕ್ಕಳಿಗೆ ಊಟ ಹಾಕಿದರು. 1921ರಲ್ಲಿ ಹಾಗೆ ಉಣ್ಣುತ್ತಿದ್ದವರು ದಿನ ಒಂದಕ್ಕೆ ಸುಮಾರು ಹತ್ತು ಲಕ್ಷ ಮಕ್ಕಳು. ಹ್ಯಾರಿಯೆಟ್ ಚಿಕ್ ಎಂಬ ಇಂಗ್ಲಿಷ್ ವಿದ್ವಾಂಸಿಯು 1919ರಿಂದ ವಿಯೆನ್ನದ ಮಕ್ಕಳ ಆಸ್ಪತ್ರೆಯಲ್ಲಿ ಆ ಪಟ್ಟಣದ ವೈದ್ಯರೊಂದಿಗೆ ಕೆಲಸಮಾಡಿ, ಕಾಡ್ ಎಂಬ ಮೀನಿನ ಎಣ್ಣೆಯೂ ಸೂರ್ಯನ ಬಿಸಿಲೂ ರಿಕೆಟ್ಸ್ ರೋಗವನ್ನು ತಡೆಯುವವೆಂದು ತೋರಿಸಿದರು. ಹಗೆಯವರ ಮಕ್ಕಳ ಹಾಸಿಗೆಯ ಪಕ್ಕದಲ್ಲಿ ಕಲಿತ ಈ ವಿದ್ಯೆಯು ಎಲ್ಲಾ ದೇಶಗಳ ಮಕ್ಕಳಿಗೂ ಉಪಯೋಗಕ್ಕೆ ಬಂತು.

1921ರಲ್ಲಿ ರಷ್ಯ ದೇಶದ ವೋಲ್ಗಾ ನದಿಯ ಸೀಮೆಯಲ್ಲಿ, ಯುದ್ಧದ ಮೇಲೆ ಬರವೂ ಬಂದು, ಘೋರವಾದ ಕ್ಷಾಮ ಬಿದ್ದಿತು. ಅಲ್ಲಿ ಆಳುತ್ತಿದ್ದವರು ಸಭೆಯನ್ನು ಹಿಂಸಿಸುತ್ತಿದ್ದ ಬೊಲ್ಶೆವಿಕರು. ಅಂಥವರ ರಾಜ್ಯಕ್ಕೆ ನಮ್ಮ ಕಾಸು ಯಾಕೆ, ನಮ್ಮ ದೇಶದಲ್ಲಿ ಕೆಲಸವಿಲ್ಲದೆ ಹಸಿದವರಿಲ್ಲವೋ ಎಂದು ಲಂಡನಿನ ಡೈಲಿ ಎಕ್ಸ್‌ಪ್ರೆಸ್ ಪತ್ರಿಕೆಯವರು ನಿಧಿಗೆ ವಿರೋಧವಾಗಿ ಬರೆದರು. ನಿಧಿಯವರು ಜಗಳಕ್ಕೆ ಹೋಗದೆ, ಒಂದು ಶಿಲ್ಲಿಂಗಿನಿಂದ ಒಂದು ಮಗುವಿಗೆ ಒಂದು ವಾರ ಊಟವಾಗುವದೆಂದು ಜನರಿಗೆ ಲೆಕ್ಕ ತೋರಿಸಿ, ಸರಾತೋವ್ ಪ್ರಾಂತದಲ್ಲಿ ಅಡಿಗೆಮನೆಗಳನ್ನು ತೆರೆದರು. ಅಲ್ಲಿ ಒಂದು ಕಾಲಕ್ಕೆ ಮೂರು ಲಕ್ಷದಷ್ಟು ಮಕ್ಕಳು ಉಣ್ಣುತ್ತಿದ್ದರು. ಪತ್ರಿಕೆಯವರ ಪ್ರಶ್ನೆಯು ಮೂರ್ಖತನದ್ದೆಂದು ನಾನು ಹೇಳುವದಿಲ್ಲ. ಹತ್ತಿರದ ಹಸಿವೂ ಹಸಿವೇ. ಆದರೆ ಹೀಗೆ ಕೇಳುವವರು ಹತ್ತಿರದವರಿಗೆ ಎಷ್ಟು ಕೊಟ್ಟಿದ್ದಾರೆಂದು ನೋಡಿದರೆ, ಎಷ್ಟೋ ಸಾರಿ ಅಲ್ಲಿಯೂ ಚೀಲ ಬಿಚ್ಚಿರುವದಿಲ್ಲ.

ಜೆಬ್ ಅಮ್ಮನವರು ಬಾಲಕರ ಹಕ್ಕುಗಳ ವಿಷಯವಾಗಿ ಐದು ಮಾತುಗಳ ಒಂದು ಪತ್ರವನ್ನು ಬರೆದರು. ಹಸಿದ ಮಗುವಿಗೆ ಉಣಿಸಬೇಕು, ರೋಗದ ಮಗುವಿಗೆ ಶುಶ್ರೂಷೆ ಮಾಡಬೇಕು, ಆಪತ್ತಿನಲ್ಲಿ ಮೊದಲು ಮಗುವಿಗೆ ನೆರವಾಗಬೇಕು ಎಂಬವು ಅದರಲ್ಲಿ ಸೇರಿದ್ದವು. ಆಗ ಇದ್ದ ಜನಾಂಗಗಳ ಸಂಘವು 1924ನೆಯ ಸೆಪ್ಟೆಂಬರಿನಲ್ಲಿ ಅದನ್ನು ಜಿನೀವ ಪಟ್ಟಣದಲ್ಲಿ ಅಂಗೀಕರಿಸಿತು. ಅವರು ಅದೇ ಪಟ್ಟಣದಲ್ಲಿ 1928ನೆಯ ಡಿಸೆಂಬರಿನಲ್ಲಿ, ತಮ್ಮ 52ನೆಯ ವಯಸ್ಸಿನಲ್ಲಿ ಮೃತರಾದರು.

ಇನ್ನು 24ನೆಯ ವಚನ. ಸುಲಿಗೆಯವರು ಮತ್ತೆ ಬರಲಿಲ್ಲವೆಂದು ಹೇಳಿದ ಮುಂದಿನ ಮಾತಿನಲ್ಲಿಯೇ, ಕೆಲವು ಕಾಲವಾದ ಮೇಲೆ ಅರಾಮ್ಯರ ಬೆನ್ಹದದನು ತನ್ನ ಸೈನ್ಯವನ್ನೆಲ್ಲಾ ಕೂಡಿಸಿ ಸಮಾರ್ಯಕ್ಕೆ ಮುತ್ತಿಗೆ ಹಾಕಿದನೆಂದು ಬರೆದದೆ. ಔತಣದ ಅನ್ನ ಉಂಡವರಲ್ಲಿ ಕೆಲವರು ಆ ಸೈನ್ಯದಲ್ಲಿ ಇದ್ದರೋ ಏನೋ! ಸಮಾರ್ಯದಲ್ಲಿ ಎಂಥ ಹಸಿವಾಯಿತೆಂಬದನ್ನು ಮುಂದಿನ ವಚನಗಳಲ್ಲಿ ನೀವೇ ಓದಿರಿ. ಮಕ್ಕಳು ಕೇಳುತ್ತಿರುವಾಗ ಅದನ್ನು ವಿವರಿಸುವದು ಬೇಡ. ಯೂರೋಪಿನಲ್ಲಿಯೂ ಹಾಗೆಯೇ. 1919ರಲ್ಲಿ ಆರು ವರುಷದವನಾಗಿ ಪರರ ಹಾಲು ಕುಡಿದ ಹುಡುಗನಿಗೆ 1939ರಲ್ಲಿ, ಎರಡನೆಯ ಮಹಾಯುದ್ಧವು ಹುಟ್ಟಿದಾಗ, 26 ವರುಷ. ಅವನ ಕೈಯಲ್ಲಿ ತುಪಾಕಿ ಇತ್ತು. ಹಾಗಾದರೆ ಎಲೀಷನು ಮಾಡಿದ್ದು ವ್ಯರ್ಥವೋ? ಅನ್ನವನ್ನು ಸಮಾಧಾನದ ಕ್ರಯವೆಂದು ಕೊಟ್ಟವರಿಗೆ ಅದು ವ್ಯರ್ಥವೇ, ವ್ಯಾಪಾರದಲ್ಲಿ ನಷ್ಟವಾಯಿತು. ಎಲೀಷನು ಅರಸನಿಗೆ ಲಾಭದ ಮಾತನ್ನು ಹೇಳಲೇ ಇಲ್ಲವೆಂಬದನ್ನು ಗಮನಿಸಿರಿ. ಸೆರೆಸಿಕ್ಕವರನ್ನು ಹೊಡೆಯಬಾರದು, ಹಸಿದವರು ಉಣ್ಣಬೇಕು. ಅವನು ಹೇಳಿದ್ದು ಇಷ್ಟೇ.

ಆ ಎರಡನೆಯ ಯುದ್ಧದಲ್ಲಿ ಜರ್ಮನರ ಕೈಕೆಳಗೆ ಬಿದ್ದ ಗ್ರೀಸ್ ದೇಶಕ್ಕೆ ಇಂಗ್ಲಿಷರು ಮತ್ತೆ ಸಮುದ್ರದ ದಾರಿಯನ್ನು ಕಟ್ಟಿದರು. 1941ನೆಯ ಚಳಿಗಾಲದಲ್ಲಿ ಅಥೇನೆ ಪಟ್ಟಣದ ಬೀದಿಗಳಲ್ಲಿ ಜನರು ಹಸಿದು ಸತ್ತರು. ಧಾನ್ಯ ಬಿಟ್ಟರೆ ಅದು ಹಗೆಯ ಹೊಟ್ಟೆಗೆ ಹೋಗುವದೆಂದು ಹಳೆಯ ಮಾತೇ ಪುನಃ ಎದ್ದಿತು. ಕಡೆಗೆ 1942ರಲ್ಲಿ ಸರಕಾರವು ಸ್ವಲ್ಪ ಸಡಿಲಿಸಲು, ಎರಡು ಪಕ್ಷಕ್ಕೂ ಸೇರದ ಸ್ವೀಡನಿನ ಹಡಗುಗಳು ಕೆನಡದ ಗೋಧಿಯನ್ನು ಹೊತ್ತು ಗ್ರೀಸಿಗೆ ಹೋದವು. ಅದು ಸಾಲದೆಂದು ಆ ವರುಷದ ಅಕ್ಟೋಬರಿನಲ್ಲಿ ಆಕ್ಸ್‌ಫರ್ಡಿನ ಸೇಂಟ್ ಮೇರಿ ದೇವಾಲಯದಲ್ಲಿ ಕೆಲವರು ಕೂಡಿ ಒಂದು ಕಮಿಟಿಯನ್ನು ಮಾಡಿಕೊಂಡರು. ಆಕ್ಸ್‌ಫ್ಯಾಮ್ ಎಂಬ ಹೆಸರಿನ ಸಂಘವು ಅದರಿಂದಲೇ ಬೆಳೆದದ್ದು.

ಸಂಜೆಯ ಕೂಟದಲ್ಲಿ ಉಪದೇಶಿಗಳು ಸಭೆಯವರನ್ನು ಹೀಗೆ ಕೇಳಬಹುದು. ಇಸ್ರಾಯೇಲಿನ ಅರಸನು ಎಲೀಷನನ್ನು ತಂದೆಯೇ ಎಂದು ಕರೆದು ಹೊಡೆಯಲು ಅಪ್ಪಣೆ ಬೇಡಿದ್ದು ಯಾಕೆ? ಲಂಡನಿನ ವಕೀಲನು ಕಚೇರಿಯಲ್ಲಿ ಒಂದು ವಿಧವಾಗಿ ಮಾತಾಡಿ ಹೊರಗೆ ಮತ್ತೊಂದು ವಿಧವಾಗಿ ಕೊಟ್ಟದ್ದು ಸರಿಯೋ? ಮತ್ತು ನಮ್ಮ ಊರಿನಲ್ಲಿ ಗಡಿಯ ವ್ಯಾಜ್ಯದಿಂದಲೋ ನೀರಿನ ಜಗಳದಿಂದಲೋ ನಾವು ಮಾತು ಬಿಟ್ಟಿರುವ ಮನೆಗಳಲ್ಲಿ, ಈ ತಿಂಗಳಲ್ಲಿ ಒಲೆ ಉರಿಯದ ಮನೆ ಯಾವದು?